ಲಂಡನ್ನಿನಿಂದ ಒಂದು ದಿನದ ಪ್ರವಾಸ: ಲಿಂಕನ್, ಈಲಿ, ಪೀಟರ್‌ಬರೋ – ಯಾವುದು ಯಾರಿಗೆ?

ಊರಿಂದ ಬಂದ ಅಪ್ಪ ಅಮ್ಮನಿಗೆ ಲಂಡನ್ ತೋರಿಸಿ ಮುಗಿದಿದೆ. ಬಾತ್, ಆಕ್ಸ್‌ಫರ್ಡ್, ಕೇಂಬ್ರಿಜ್‌ಗೆ ಶನಿವಾರ ಹೋದರೆ ಜನಜಂಗುಳಿ. ಅಷ್ಟು ಹೆಸರು ಮಾಡದ, ಆದರೆ ನೋಡಲು ಗಟ್ಟಿ ಸರಕಿರುವ ಊರು ಯಾವುದು ಎಂದು ಹುಡುಕಿದರೆ ಮೂರು ಹೆಸರು ಒಟ್ಟೊಟ್ಟಿಗೆ ಬರುತ್ತವೆ: ಲಿಂಕನ್, ಈಲಿ, ಪೀಟರ್‌ಬರೋ. ಮೂರೂ ಲಂಡನ್ನಿನಿಂದ ಉತ್ತರಕ್ಕೆ. ಮೂರಕ್ಕೂ ಕಿಂಗ್ಸ್ ಕ್ರಾಸ್ ನಿಲ್ದಾಣದಿಂದ ನೇರ ರೈಲು. ಮೂರರಲ್ಲೂ ಒಂಬೈನೂರು ವರ್ಷ ದಾಟಿದ ಕೆಥೆಡ್ರಲ್. ಪಟ್ಟಿಯಲ್ಲಿ ಒಂದೇ ಥರ ಕಂಡರೂ ಹೋಗಿ ಇಳಿದ ಮೇಲೆ ಮೂರೂ ಬೇರೆ ಬೇರೆ.

ಯಾವ ಕೆಥೆಡ್ರಲ್ ಹೆಚ್ಚು ಚೆಂದ ಎಂಬುದರ ಮೇಲೆ ಆರಿಸಲು ಹೊರಟರೆ ತೀರ್ಮಾನವೇ ಆಗುವುದಿಲ್ಲ. ಆರಿಸಬೇಕಾದ್ದು ಜೊತೆಗೆ ಬರುವವರ ಮಂಡಿ ಮತ್ತು ಕೈಯಲ್ಲಿರುವ ಗಂಟೆಗಳನ್ನು ನೋಡಿ. ಲಿಂಕನ್‌ಗೆ ಇಡೀ ದಿನ ಬೇಕು, ಗುಡ್ಡ ಹತ್ತಿ ಇಳಿಯುವ ಕಾಲೂ ಬೇಕು. ಈಲಿಗೆ ನಾಲ್ಕೈದು ಗಂಟೆ ಸಾಕು, ಊರು ಬಹುಪಾಲು ಸಮತಟ್ಟು. ಪೀಟರ್‌ಬರೋ ಅರ್ಧ ದಿನದ ಊರು. ಅದಕ್ಕೆಂದೇ ಇಡೀ ಶನಿವಾರ ತೆಗೆದಿಟ್ಟರೆ ಮಧ್ಯಾಹ್ನ ಮೂರಕ್ಕೆ ಏನು ಮಾಡುವುದೆಂದು ತೋಚದೆ ಶಾಪಿಂಗ್ ಮಾಲ್‌ನಲ್ಲಿ ಸುತ್ತುತ್ತಿರುತ್ತೀರಿ.

ರೈಲು ಮತ್ತು ಟಿಕೆಟ್

ಲಂಡನ್ನಿನ ಆಯ್ಸ್ಟರ್ ಕಾರ್ಡ್ ಈ ಮೂರೂ ಊರಿಗೆ ನಡೆಯುವುದಿಲ್ಲ. ಕಿಂಗ್ಸ್ ಕ್ರಾಸ್‌ನಲ್ಲಿ ಟ್ಯೂಬಿನಿಂದ ಇಳಿದು, ಅದೇ ಕಾರ್ಡ್ ಒತ್ತಿ ರೈಲು ಹತ್ತಿಬಿಟ್ಟರೆ ಆ ಕಡೆ ಇಳಿದಾಗ ದಂಡ ಕಟ್ಟಬೇಕಾದೀತು. ಟಿಕೆಟ್ ಬೇರೆಯಾಗಿಯೇ ಕೊಳ್ಳಬೇಕು.

ಪೀಟರ್‌ಬರೋಗೆ ಎರಡು ಬಗೆಯ ರೈಲಿದೆ. ಎಲ್‌ಎನ್‌ಇಆರ್ ಎಂಬ ಕಂಪನಿಯ ವೇಗದ ರೈಲು ಕಿಂಗ್ಸ್ ಕ್ರಾಸ್‌ನಿಂದ ಹೊರಟು ಐವತ್ತು ನಿಮಿಷದೊಳಗೆ ತಲುಪಿಸುತ್ತದೆ. ಥೇಮ್ಸ್‌ಲಿಂಕ್ ರೈಲು ಪಕ್ಕದ ಸೇಂಟ್ ಪ್ಯಾಂಕ್ರಾಸ್‌ನ ನೆಲಮಾಳಿಗೆಯ ಪ್ಲಾಟ್‌ಫಾರಂನಿಂದ ಹೊರಡುತ್ತದೆ, ಊರೂರಿಗೆ ನಿಲ್ಲುತ್ತ ಸುಮಾರು ಒಂದೂಕಾಲು ಗಂಟೆಯ ಮೇಲೆಯೇ ತೆಗೆದುಕೊಳ್ಳುತ್ತದೆ, ದರ ಕಡಿಮೆ. ಜನ ಎಡವುವುದು ಇಲ್ಲಿಯೇ: ಅಗ್ಗದ ಟಿಕೆಟ್ ಮೇಲೆ ‘ಥೇಮ್ಸ್‌ಲಿಂಕ್ ಮತ್ತು ಗ್ರೇಟ್ ನಾರ್ದರ್ನ್ ಮಾತ್ರ’ ಎಂಬ ಅರ್ಥದ ಸಾಲಿರುತ್ತದೆ. ಅದನ್ನು ಹಿಡಿದು ಎಲ್‌ಎನ್‌ಇಆರ್ ಹತ್ತಿದರೆ ಟಿಕೆಟ್ ಇಲ್ಲದ ಪ್ರಯಾಣಿಕರ ಲೆಕ್ಕ. ಹೋಗುವಾಗ ನಿಧಾನದ ರೈಲಿನಲ್ಲಿ ಹೋಗಿ, ಬರುವಾಗ ಸುಸ್ತಾಗಿ ‘ಎದುರಿಗೆ ಬಂದದ್ದು ಹತ್ತೋಣ’ ಎನ್ನುವವರು ಸಿಕ್ಕಿಬೀಳುವುದೇ ಹೆಚ್ಚು.

ಈಲಿಗೆ ಗ್ರೇಟ್ ನಾರ್ದರ್ನ್‌ನ ಕಿಂಗ್ಸ್ ಲಿನ್ ಕಡೆಯ ರೈಲು, ಕೇಂಬ್ರಿಜ್ ಮೇಲೆ ಹೋಗುತ್ತದೆ. ಒಟ್ಟು ಒಂದು ಗಂಟೆ ಹತ್ತು ನಿಮಿಷದ ಆಸುಪಾಸು, ಕೇಂಬ್ರಿಜ್‌ನಿಂದ ಬರೀ ಹದಿನೈದು ನಿಮಿಷ. ಎಡಬದಿಯ ಕಿಟಕಿಯ ಪಕ್ಕ ಕೂತರೆ ಕೊನೆಯ ಕೆಲವು ನಿಮಿಷ ಚಪ್ಪಟೆ ಹೊಲಗಳ ಆಚೆಗೆ ಕೆಥೆಡ್ರಲ್ ಒಂಟಿಯಾಗಿ ಎದ್ದು ಕಾಣುತ್ತದೆ.

ಲಿಂಕನ್‌ಗೆ ಎಲ್‌ಎನ್‌ಇಆರ್ ನೇರ ರೈಲು ಸುಮಾರು ಎರಡು ಗಂಟೆ. ಆದರೆ ನೇರ ರೈಲುಗಳು ಹೆಚ್ಚುಕಡಿಮೆ ಎರಡು ಗಂಟೆಗೊಂದು ಮಾತ್ರ. ಅದು ತಪ್ಪಿದರೆ ನ್ಯೂಅರ್ಕ್‌ನಲ್ಲಿ ಇಳಿದು ಬದಲಾಯಿಸಬೇಕು. ನ್ಯೂಅರ್ಕ್‌ನಲ್ಲಿ ಎರಡು ನಿಲ್ದಾಣಗಳಿವೆ, ನಾರ್ತ್ ಗೇಟ್ ಮತ್ತು ಕ್ಯಾಸಲ್. ಲಂಡನ್ ರೈಲು ನಿಲ್ಲುವುದು ನಾರ್ತ್ ಗೇಟ್‌ನಲ್ಲಿ, ಲಿಂಕನ್‌ಗೆ ಹೋಗುವ ಕೆಲವು ರೈಲು ಹಾದುಹೋಗುವುದು ಕ್ಯಾಸಲ್ ಮೇಲೆ. ನಡುವೆ ಹದಿನೈದಿಪ್ಪತ್ತು ನಿಮಿಷದ ನಡಿಗೆ. ಆ್ಯಪ್‌ನಲ್ಲಿ ‘ಒಂದು ಬದಲಾವಣೆ’ ಎಂದು ಕಂಡ ಕೂಡಲೇ ಒತ್ತಬೇಡಿ. ಯಾವ ನಿಲ್ದಾಣದಲ್ಲಿ ಇಳಿದು ಯಾವ ನಿಲ್ದಾಣದಲ್ಲಿ ಹತ್ತುವುದು ಎಂದು ತೆರೆದು ನೋಡಿ. ನಿಮಗೆ ಬೇಕಾದ್ದು ಎರಡೂ ಕಡೆ ನಾರ್ತ್ ಗೇಟ್ ಇರುವ ಸಂಪರ್ಕ.

ರಿಯಾಯಿತಿ ಕಾರ್ಡ್‌ಗಳ ಬಗ್ಗೆ ಒಂದು ಮಾತು. 60 ದಾಟಿದವರಿಗೆ ಸೀನಿಯರ್ ರೈಲ್‌ಕಾರ್ಡ್ ಇದೆ. ಭಾರತದ ಪಾಸ್‌ಪೋರ್ಟ್ ತೋರಿಸಿ ನಿಲ್ದಾಣದ ಟಿಕೆಟ್ ಕೌಂಟರಿನಲ್ಲೇ ಮಾಡಿಸಬಹುದು, ಇಲ್ಲಿನ ನಿವಾಸಿಯೇ ಆಗಿರಬೇಕೆಂದಿಲ್ಲ. ದರದಲ್ಲಿ ಮೂರನೇ ಒಂದು ಪಾಲು ಕಡಿತ. ಗಂಡ ಹೆಂಡತಿ ಇಬ್ಬರೇ ಓಡಾಡುವುದಾದರೆ ಇಬ್ಬರಿಗೂ ಸೇರಿ ಒಂದೇ ‘ಟೂ ಟುಗೆದರ್’ ಕಾರ್ಡ್ ಅಗ್ಗ. ಆದರೆ ಪ್ರತಿ ಸಲವೂ ಕಾರ್ಡಿನಲ್ಲಿ ಹೆಸರಿರುವ ಇಬ್ಬರೂ ಒಟ್ಟಿಗೇ ಇರಬೇಕು, ವಾರದ ದಿನ ಬೆಳಗ್ಗೆ 9.30ಕ್ಕೆ ಮುಂಚೆ ಅದು ನಡೆಯುವುದಿಲ್ಲ. ‘ಫ್ಯಾಮಿಲಿ ಅಂಡ್ ಫ್ರೆಂಡ್ಸ್’ ಕಾರ್ಡ್ ಉಪಯೋಗಕ್ಕೆ ಬರಬೇಕಾದರೆ 5ರಿಂದ 15 ವರ್ಷದ ಒಂದು ಮಗುವಾದರೂ ಜೊತೆಗಿರಬೇಕು. ನಾಲ್ಕು ವರ್ಷದ ಮಗುವಿಗೆ ಟಿಕೆಟ್ಟೇ ಬೇಡ, ಹಾಗಾಗಿ ಆ ಮಗುವನ್ನು ತೋರಿಸಿ ಈ ರಿಯಾಯಿತಿ ಕೇಳುವಂತಿಲ್ಲ. ಯಾವ ಕಾರ್ಡೂ ಇಲ್ಲದೆ ಮೂರರಿಂದ ಒಂಬತ್ತು ಜನ ಒಟ್ಟಿಗೆ ಹೊರಟರೆ ಗ್ರೇಟ್ ನಾರ್ದರ್ನ್ ಮತ್ತು ಥೇಮ್ಸ್‌ಲಿಂಕ್‌ನಲ್ಲಿ ಆಫ್‌ಪೀಕ್ ಹೊತ್ತಿಗೆ ಗ್ರೂಪ್‌ಸೇವ್ ಎಂಬ ಕಡಿತ ಸಿಗುತ್ತದೆ. ಅಪ್ಪ, ಅಮ್ಮ, ನೀವಿಬ್ಬರು ಎಂದರೆ ನಾಲ್ಕು ಜನ ಆಗಿಯೇ ಹೋಯಿತು.

ಭಾನುವಾರ ಹೊರಡುವ ಮುಂಚೆ ಹಳಿ ರಿಪೇರಿ ಇದೆಯೇ ಎಂದು ನೋಡಲೇಬೇಕು. ರೈಲಿನ ಬದಲು ಬಸ್ ಬಿಟ್ಟಿದ್ದರೆ ಒಂದು ಗಂಟೆಯ ದಾರಿ ಎರಡೂವರೆ ಗಂಟೆಯಾಗುತ್ತದೆ. ಅಂಥ ದಿನ ಲಿಂಕನ್ ಕೈಬಿಡುವುದೇ ಜಾಣತನ.

ಲಿಂಕನ್: ಗುಡ್ಡದ ಮೇಲೊಂದು ಊರು, ಕೆಳಗೊಂದು ಊರು

ರೈಲು ನಿಲ್ದಾಣ ಇರುವುದು ತಗ್ಗಿನಲ್ಲಿ. ಕೆಥೆಡ್ರಲ್, ಕೋಟೆ, ರೋಮನ್ನರ ಕಾಲದ ದ್ವಾರ ಎಲ್ಲ ಗುಡ್ಡದ ನೆತ್ತಿಯಲ್ಲಿ. ನಡುವಿನ ಬೀದಿಯ ಹೆಸರೇ ಸ್ಟೀಪ್ ಹಿಲ್. ಕಡಿದಾದ ಕಡೆ ಏಳು ಅಡಿ ನಡೆದರೆ ಒಂದು ಅಡಿ ಏರುವಷ್ಟು ಏರು, ಕಾಲ ಕೆಳಗೆ ಉರುಟು ಕಲ್ಲು ಹಾಸಿದ ನೆಲ, ಒಂದು ಬದಿಗೆ ಹಿಡಿದುಕೊಳ್ಳಲು ಕಬ್ಬಿಣದ ಕಂಬಿ. ಬಹಳ ಮಂದಿ ಮಾಡುವ ತಪ್ಪೆಂದರೆ ನಿಲ್ದಾಣದಿಂದ ಇಳಿದವರೇ ಅಂಗಡಿ ನೋಡುತ್ತ ಈ ಬೀದಿ ಹತ್ತಲು ಶುರುಮಾಡುವುದು. ಅರ್ಧಕ್ಕೆ ಬರುವಾಗ ಏದುಸಿರು, ಮೇಲೆ ಮುಟ್ಟುವಾಗ ಕೆಥೆಡ್ರಲ್ ನೋಡುವ ಹುಮ್ಮಸ್ಸೇ ಇಳಿದಿರುತ್ತದೆ.

ಉಲ್ಟಾ ಮಾಡಿ. ಬಸ್ ನಿಲ್ದಾಣ ರೈಲು ನಿಲ್ದಾಣದ ಎದುರಿಗೇ ಇದೆ, ಟ್ಯಾಕ್ಸಿಯೂ ಅಲ್ಲೇ ಸಿಗುತ್ತದೆ. ಬಸ್ಸಿಗೋ ಟ್ಯಾಕ್ಸಿಗೋ ಮೊದಲು ನೆತ್ತಿಗೆ ಹೋಗಿಬಿಡಿ. ಮೇಲಿನದೆಲ್ಲ ಮುಗಿಸಿ ಸಂಜೆ ಸ್ಟೀಪ್ ಹಿಲ್ ಇಳಿದುಕೊಂಡು ನಿಲ್ದಾಣಕ್ಕೆ ಬನ್ನಿ. ಮಳೆ ಬಂದಿದ್ದರೆ ಕಲ್ಲು ಜಾರುತ್ತದೆ. ಮಂಡಿನೋವಿನವರಿಗೆ ಹತ್ತುವುದಕ್ಕಿಂತ ಇಳಿಯುವುದೇ ಕಷ್ಟ. ಅಂಥವರು ಇಳಿಯಲೂ ಬಸ್ ಹಿಡಿಯಲಿ, ಬೀದಿಯನ್ನು ಮೇಲಿನಿಂದ ಹತ್ತು ಹೆಜ್ಜೆ ಇಳಿದು ನೋಡಿ ವಾಪಸ್ ಬಂದರೂ ಸಾಕು.

ಕೆಥೆಡ್ರಲ್ ಶುರುವಾದದ್ದು 1072ರಲ್ಲಿ, ಗೆದ್ದು ಬಂದ ನಾರ್ಮನ್ನರ ಕಾಲದಲ್ಲಿ. 1185ರ ಭೂಕಂಪದಲ್ಲಿ ಬಹುಪಾಲು ಬಿತ್ತು. ಬಿಷಪ್ ಹ್ಯೂ 1192ರಿಂದ ಮತ್ತೆ ಕಟ್ಟಿಸಿದ. 1311ರಲ್ಲಿ ನಡುಗೋಪುರದ ಮೇಲೆ ಸೀಸ ಹೊದಿಸಿದ ಮರದ ಶಿಖರ ಏರಿತು. ಆಗ ಅದರ ಎತ್ತರ ಸುಮಾರು 160 ಮೀಟರ್ ಇತ್ತು, ಈಜಿಪ್ಟಿನ ಮಹಾ ಪಿರಮಿಡ್ಡನ್ನೂ ಮೀರಿಸಿ ಜಗತ್ತಿನ ಅತಿ ಎತ್ತರದ ಕಟ್ಟಡ ಆಗಿತ್ತು ಎನ್ನುತ್ತಾರೆ. 1548ರಲ್ಲಿ ಆ ಶಿಖರ ಉರುಳಿತು. ಈಗ ಉಳಿದಿರುವ ಗೋಪುರ 83 ಮೀಟರ್. ಅದೇ ಸಾಕಷ್ಟು ದೂರಕ್ಕೆ ಕಾಣುತ್ತದೆ.

ಒಳಗೆ ಮೂರು ಕಡೆ ನಿಲ್ಲಿ. ಮೊದಲನೆಯದು ಅಡ್ಡಸಾಲಿನ ಎರಡು ತುದಿಗಳ ಗುಂಡು ಕಿಟಕಿಗಳು. ಉತ್ತರದ್ದು ‘ಡೀನ್ಸ್ ಐ’, ಅದರಲ್ಲಿ ಹದಿಮೂರನೇ ಶತಮಾನದ ಮೂಲ ಗಾಜು ಬಹಳಷ್ಟು ಉಳಿದಿದೆ. ದಕ್ಷಿಣದ್ದು ‘ಬಿಷಪ್ಸ್ ಐ’. ಅದರ ಚೌಕಟ್ಟು ಎಲೆಯ ನರಗಳಂತೆ ಬಳುಕಿದೆ, ಒಳಗೆ ತುಂಬಿರುವುದು ಬೇರೆ ಬೇರೆ ಕಿಟಕಿಗಳ ಒಡೆದ ಗಾಜಿನ ಚೂರುಗಳು. ಚಿತ್ರ ಏನೆಂದು ಹುಡುಕಿದರೆ ಸಿಗದು, ಬಣ್ಣವಷ್ಟೇ. ದಕ್ಷಿಣದ ಕಿಟಕಿಯಾದ್ದರಿಂದ ಮಧ್ಯಾಹ್ನದ ಬಿಸಿಲಿಗೆ ಅದು ಉರಿಯುತ್ತದೆ, ಹನ್ನೆರಡರ ಆಸುಪಾಸು ಅದರ ಕೆಳಗೆ ಇರುವಂತೆ ನೋಡಿಕೊಳ್ಳಿ. ಎರಡನೆಯದು ಸೇಂಟ್ ಹ್ಯೂ ಕ್ವೈರ್‌ನ (ಕ್ವೈರ್ ಎಂದರೆ ಗಾಯಕರು ಕೂರುವ ಭಾಗ) ಮೇಲ್ಛಾವಣಿ: ಕಲ್ಲಿನ ಪಕ್ಕೆಲುಬುಗಳು ಎದುರುಬದುರು ಕೂಡದೆ ಓರೆಯಾಗಿ ಸಾಗಿವೆ. ಅಳತೆ ತಪ್ಪಿದ್ದಲ್ಲ, ಬೇಕೆಂದೇ ಮಾಡಿದ ಪ್ರಯೋಗ. ಮೂರನೆಯದು 1280ರಲ್ಲಿ ಮುಗಿದ ಏಂಜೆಲ್ ಕ್ವೈರ್. ಎಲ್ಲರೂ ಹುಡುಕುವ ‘ಲಿಂಕನ್ ಇಂಪ್’ ಎಂಬ ಪುಟ್ಟ ಕಲ್ಲಿನ ಪಿಶಾಚಿ ಇರುವುದು ಇಲ್ಲೇ. ಉತ್ತರ ಬದಿಯ ಎರಡು ಕಮಾನುಗಳು ಕೂಡುವ ಕಡೆ, ತಲೆ ಎತ್ತಿ ನೋಡಬೇಕಾದ ಎತ್ತರದಲ್ಲಿ, ಒಂದು ಕಾಲನ್ನು ಇನ್ನೊಂದರ ಮೇಲೆ ಹಾಕಿ ಕೂತಿದೆ. ಇಷ್ಟು ಚಿಕ್ಕದೇ ಎಂದು ನಿರಾಸೆಯಾಗುವುದು ಸಹಜ. ಮೊಬೈಲ್ ಕ್ಯಾಮೆರಾದಲ್ಲಿ ಹತ್ತಿರಕ್ಕೆ ಎಳೆದು ನೋಡಿದರೆ ಹಲ್ಲು, ಕಿವಿ ಎಲ್ಲ ಸ್ಪಷ್ಟ.

ಕೋಟೆ ಕೆಥೆಡ್ರಲ್‌ನ ಎದುರಿಗೇ ಇದೆ, ಐದು ನಿಮಿಷವೂ ಬೇಡ. 1068ರಲ್ಲಿ ವಿಲಿಯಂ ರಾಜ ಹಳೆಯ ರೋಮನ್ ಠಾಣ್ಯದ ಜಾಗದಲ್ಲಿ ಕಟ್ಟಿಸಿದ್ದು. ಅಂಗಳಕ್ಕೆ ದುಡ್ಡಿಲ್ಲ. ಗೋಡೆಯ ಮೇಲಿನ ಸುತ್ತು, ಹಳೆಯ ಜೈಲು, ರಾಜನ ಅಧಿಕಾರಕ್ಕೆ ಮಿತಿ ಹಾಕಿದ ಶಾಸನ ಮ್ಯಾಗ್ನ ಕಾರ್ಟ ಇರುವ ಕೊಠಡಿ – ಈ ಮೂರಕ್ಕೆ ಟಿಕೆಟ್. 1215ರ ಮ್ಯಾಗ್ನ ಕಾರ್ಟದ ಮೂಲ ಪ್ರತಿಗಳಲ್ಲಿ ಉಳಿದಿರುವುದು ನಾಲ್ಕೇ. ಎರಡು ಲಂಡನ್ನಿನ ಬ್ರಿಟಿಷ್ ಲೈಬ್ರರಿಯಲ್ಲಿ, ಒಂದು ಸಾಲ್ಸ್‌ಬರಿಯಲ್ಲಿ, ಒಂದು ಇಲ್ಲಿ. ಜೊತೆಗೆ ಕಾಡಿನ ಮೇಲೆ ಜನರ ಹಕ್ಕು ಹೇಳುವ 1217ರ ಶಾಸನದ ಪ್ರತಿಯೂ ಇದೆ. ನೆಲದಡಿಯ ಮಬ್ಬುಗತ್ತಲ ಕೊಠಡಿ, ಸುಮಾರು ಒಂದು ಮೊಳ ಅಗಲದ ಚರ್ಮದ ಹಾಳೆ, ಇರುವೆ ಸಾಲಿನಂಥ ಲ್ಯಾಟಿನ್ ಬರಹ. ಫೋಟೋ ತೆಗೆಯುವಂತಿಲ್ಲ.

ನಮ್ಮ ಕೇಳಿದರೆ ಕೋಟೆಯೊಳಗೆ ಮ್ಯಾಗ್ನ ಕಾರ್ಟಕ್ಕಿಂತ ಹೆಚ್ಚು ಹೊತ್ತು ಕೊಡಬೇಕಾದ್ದು ವಿಕ್ಟೋರಿಯಾ ಕಾಲದ ಜೈಲಿನ ಪ್ರಾರ್ಥನಾ ಮಂದಿರಕ್ಕೆ. ಕೈದಿಗಳು ಒಬ್ಬರನ್ನೊಬ್ಬರು ನೋಡಿದರೆ ಕೆಟ್ಟುಹೋಗುತ್ತಾರೆ ಎಂಬ ನಂಬಿಕೆಯಲ್ಲಿ ಪ್ರತಿಯೊಬ್ಬನಿಗೂ ಭುಜದ ಅಗಲದ ಮರದ ಗೂಡು. ಗೂಡಿನಿಂದ ಗೂಡಿಗೆ ನಡುವೆ ಎತ್ತರದ ಹಲಗೆ. ಒಳಗೆ ನಿಂತವನಿಗೆ ಎದುರಿನ ಪಾದ್ರಿ ಬಿಟ್ಟು ಇನ್ನೊಂದು ಮುಖ ಕಾಣುವುದಿಲ್ಲ, ಪಾದ್ರಿಗೆ ಮಾತ್ರ ಎಲ್ಲರ ಮುಖವೂ ಕಾಣುತ್ತದೆ. ಒಳಗೆ ಹೋಗಿ ನಿಲ್ಲಬಹುದು. ಮಕ್ಕಳಿಗೆ ಮೊದಲು ತಮಾಷೆ, ಆಮೇಲೆ ಬೇಗ ಹೊರಗೆ ಬರಬೇಕೆನಿಸುತ್ತದೆ. ಕೋಟೆಯ ಅಂಗಳದಲ್ಲೇ ಇಂದಿಗೂ ಕ್ರೌನ್ ಕೋರ್ಟ್ ನಡೆಯುತ್ತದೆ. ಕರಿ ಕೋಟಿನ ವಕೀಲರು ಪ್ರವಾಸಿಗರ ನಡುವೆ ದಾಟಿ ಹೋಗುವುದು ಕಂಡರೆ ಅದು ವೇಷ ಅಲ್ಲ. ಗೋಡೆಯ ಸುತ್ತಿಗೆ ಒಂದು ಕಡೆ ಲಿಫ್ಟ್ ಇದೆ. ಮೆಟ್ಟಿಲು ಹತ್ತಲಾಗದವರು ಟಿಕೆಟ್ ಕೌಂಟರಿನಲ್ಲೇ ಎಲ್ಲಿ ಎಂದು ಕೇಳಿಕೊಳ್ಳಿ, ಕೆಥೆಡ್ರಲ್‌ನ ಮುಖ ಸೊಗಸಾಗಿ ಕಾಣುವುದು ಈ ಗೋಡೆಯ ಮೇಲಿನಿಂದಲೇ.

ಬೇಲ್‌ಗೇಟ್ ಬೀದಿಯ ಉತ್ತರದ ತುದಿಗೆ ನಡೆದರೆ ನ್ಯೂಪೋರ್ಟ್ ಆರ್ಚ್, ರೋಮನ್ನರು ಕಟ್ಟಿದ ಕಮಾನು. ಇಂದಿಗೂ ಅದರಡಿ ವಾಹನ ಓಡಾಡುತ್ತವೆ. 1964ರಲ್ಲೊಮ್ಮೆ ಲಾರಿ ಸಿಕ್ಕಿಕೊಂಡು ಹಾನಿಯಾಗಿ ದುರಸ್ತಿ ಮಾಡಬೇಕಾಯಿತು. ಇಳಿಯುವ ದಾರಿಯಲ್ಲಿ ಹನ್ನೆರಡನೇ ಶತಮಾನದ ಕಲ್ಲಿನ ಮನೆ ‘ಜ್ಯೂಸ್ ಹೌಸ್’, ಕೆಳಗಿನ ಹೈ ಸ್ಟ್ರೀಟ್‌ನಲ್ಲಿ ಮೇಲೆ ಮರದ ಚೌಕಟ್ಟಿನ ಮನೆ ಹೊತ್ತ 1160ರ ಸೇತುವೆ ಹೈ ಬ್ರಿಜ್. ಬೀದಿಯಲ್ಲೇ ನಡೆದರೆ ಸೇತುವೆ ದಾಟಿದ್ದೂ ಗೊತ್ತಾಗುವುದಿಲ್ಲ. ಪಕ್ಕದ ಮೆಟ್ಟಿಲಿಳಿದು ನೀರಿನ ಮಟ್ಟದಿಂದ ತಿರುಗಿ ನೋಡಬೇಕು. ಕೋಡ್ ಬರೆಯುವವರು ದಿನಾ ಬಳಸುವ ‘ಬೂಲಿಯನ್’ ಯಾರ ಹೆಸರಿನದೋ ಆ ಜಾರ್ಜ್ ಬೂಲ್ 1815ರಲ್ಲಿ ಹುಟ್ಟಿದ್ದು ಇದೇ ಊರಲ್ಲಿ. ರೈಲು ನಿಲ್ದಾಣದ ಹೊರಗೆ ಅವನ ಪ್ರತಿಮೆ ಇದೆ.

ಎರಡನೇ ಮಹಾಯುದ್ಧದ ಬಾಂಬರ್ ಪಡೆಯ ಸ್ಮಾರಕ ಕೇಂದ್ರ ಊರಾಚೆ ಗುಡ್ಡದ ಮೇಲಿದೆ, ಒಳ್ಳೆಯದೇ. ಆದರೆ ಒಂದೇ ದಿನಕ್ಕೆ ಬಂದವರು ಅದನ್ನು ಸೇರಿಸಿಕೊಂಡರೆ ಕೋಟೆಯೋ ಕೆಥೆಡ್ರಲೋ ಒಂದು ಅರೆಬರೆಯಾಗುತ್ತದೆ.

ಸಮಯದ ಲೆಕ್ಕ: ಕೆಥೆಡ್ರಲ್‌ಗೆ ಎರಡು ಗಂಟೆ, ಕೋಟೆಗೆ ಎರಡೂವರೆ, ಊಟಕ್ಕೆ ಮುಕ್ಕಾಲು ಗಂಟೆ, ಇಳಿಯುವ ದಾರಿಗೆ ಒಂದು ಗಂಟೆ. ಆರೂಕಾಲು ಗಂಟೆ ಆಯಿತು, ರೈಲಿನ ನಾಲ್ಕು ಬೇರೆ. ಬೆಳಗ್ಗೆ ಒಂಬತ್ತರೊಳಗೆ ಲಂಡನ್ ಬಿಡದಿದ್ದರೆ ಲಿಂಕನ್ ಬೇಡ.

ಈಲಿ: ಒಂದು ಕಟ್ಟಡಕ್ಕಾಗಿ ಹೋಗುವ ಊರು

ಈಲಿಯ ಜನಸಂಖ್ಯೆ ಇಪ್ಪತ್ತು ಸಾವಿರದ ಆಸುಪಾಸು, ನಮ್ಮ ಕಡೆಯ ಸಣ್ಣ ತಾಲ್ಲೂಕು ಕೇಂದ್ರದಷ್ಟು. ಸುತ್ತಲಿನ ಫೆನ್ಸ್ ಪ್ರದೇಶ ಹಿಂದೆ ಜೌಗು. ಹದಿನೇಳನೇ ಶತಮಾನದಲ್ಲಿ ಕಾಲುವೆ ತೋಡಿ ನೀರು ಬಸಿದು ಹೊಲ ಮಾಡಿದರು. ಅದಕ್ಕೂ ಮೊದಲು ಈಲಿ ನಿಜಕ್ಕೂ ದ್ವೀಪವೇ ಆಗಿತ್ತು, ಹಾವುಮೀನು ಹಿಡಿಯುವವರ ದ್ವೀಪ.

ಕೆಥೆಡ್ರಲ್ 1083ರಲ್ಲಿ ಶುರುವಾಯಿತು. ನೋಡಲೇಬೇಕಾದ ಭಾಗ ಹುಟ್ಟಿದ್ದು ಒಂದು ಅನಾಹುತದಿಂದ. 1322ರ ಫೆಬ್ರವರಿಯಲ್ಲಿ ನಡುಗೋಪುರ ಕುಸಿದು ಬಿತ್ತು. ಮತ್ತೆ ಅಷ್ಟೇ ಭಾರದ ಗೋಪುರ ಎತ್ತಲು ನೆಲ ತಡೆಯುವ ಭರವಸೆ ಇರಲಿಲ್ಲ. ಮಠದ ಉಸ್ತುವಾರಿ ಹೊತ್ತಿದ್ದ ಆಲನ್ ಆಫ್ ವಾಲ್ಸಿಂಗಂ ನಾಲ್ಕು ಕಂಬದ ಬದಲು ಎಂಟು ಕಂಬಗಳ ಅಷ್ಟಕೋನ ಮಾಡಿಸಿ, ಕಲ್ಲಿನ ಬದಲು ಮರದಲ್ಲಿ ಮೇಲ್ಭಾಗ ಏರಿಸಲು ಹೊರಟ. ಮರಗೆಲಸಕ್ಕೆ ರಾಜನ ಬಡಗಿ ವಿಲಿಯಂ ಹರ್ಲಿ ಬಂದ. ಎಂಟು ಮೂಲೆಗೆ ಎಂಟು ಓಕ್ ದಿಮ್ಮಿ, ಒಂದೊಂದೂ 63 ಅಡಿ ಉದ್ದ. ಕೆಳಗೆ ನಿಂತು ನೋಡಿದರೆ ನಕ್ಷತ್ರದಾಕಾರದ ಲಾಂದ್ರ ಗಾಳಿಯಲ್ಲಿ ತೇಲುತ್ತಿರುವಂತೆ ಕಾಣುತ್ತದೆ. ಅದಕ್ಕೆ ಆಧಾರ ಎಲ್ಲಿದೆ? ಕೆಳಗಿನಿಂದ ಕಲ್ಲಿನ ಕಮಾನಿನಂತೆ ಕಾಣುವುದು ಬಣ್ಣ ಹಚ್ಚಿದ ಮರ. ನಿಜವಾದ ಭಾರ ಹೊರುವ ತೊಲೆಗಳು ಅದರ ಹಿಂದೆ ಅಡಗಿ, ಓರೆಯಾಗಿ ಎಂಟು ಕಂಬಕ್ಕೆ ಭಾರ ಇಳಿಸುತ್ತವೆ.

ಅದನ್ನು ಕಣ್ಣಾರೆ ನೋಡಬೇಕಾದರೆ ಆಕ್ಟಗನ್ ಟವರ್ ಟೂರ್ ತೆಗೆದುಕೊಳ್ಳಬೇಕು: 170 ಮೆಟ್ಟಿಲು, ಸುತ್ತು ಏಣಿ, ಕೆಲವು ಕಡೆ ಒಬ್ಬರು ತೂರುವಷ್ಟೇ ಜಾಗ. ಮೇಲೆ ದೇವತೆಗಳ ಚಿತ್ರವಿರುವ ಮರದ ಬಾಗಿಲುಗಳನ್ನು ಮಾರ್ಗದರ್ಶಕರು ತೆರೆಯುತ್ತಾರೆ, ಅಲ್ಲಿಂದ ಬಗ್ಗಿದರೆ ಕೆಳಗಿನ ನೆಲ ಕಾಣುತ್ತದೆ. ಪಶ್ಚಿಮದ ಗೋಪುರಕ್ಕೆ 288 ಮೆಟ್ಟಿಲು. ಎರಡರಲ್ಲಿ ಒಂದೇ ಎಂದರೆ ಆಕ್ಟಗನ್. ಪಶ್ಚಿಮ ಗೋಪುರದಿಂದ ಸಿಗುವುದು ಸುತ್ತಲಿನ ಬಯಲಿನ ನೋಟ, ಅದು ರೈಲಿನಿಂದಲೂ ಕಾಣುತ್ತದೆ. ಆಕ್ಟಗನ್‌ನಲ್ಲಿ ಸಿಗುವ ಏಳುನೂರು ವರ್ಷದ ತೊಲೆಗಳು ಬೇರೆಲ್ಲೂ ಸಿಗವು. ಟೂರ್‌ಗಳು ನಿಗದಿತ ಹೊತ್ತಿಗೆ ಕೆಲವೇ ಜನರಿಗೆ. ಶನಿವಾರಕ್ಕೆ ಮೊದಲೇ ಕಾದಿರಿಸದಿದ್ದರೆ ಸಿಗದೆ ಹೋಗಬಹುದು. ಕೆಥೆಡ್ರಲ್ ಪ್ರವೇಶದ ಟಿಕೆಟ್ ಬೇರೆ, ಗೋಪುರದ್ದು ಬೇರೆ.

ಹತ್ತಲಾಗದ ಹಿರಿಯರಿಗೆ ಕೆಳಗೇ ಸಾಕಷ್ಟಿದೆ. ಪಶ್ಚಿಮ ಬಾಗಿಲಿನಿಂದ ಒಳಗೆ ಬಂದ ಕೂಡಲೇ ಕಾಲಡಿಯಲ್ಲಿ 1870ರಲ್ಲಿ ಹಾಸಿದ ಚಕ್ರವ್ಯೂಹದ ನೆಲ. ಅದರ ದಾರಿಯ ಉದ್ದವೂ ನೆತ್ತಿಯ ಮೇಲಿನ ಗೋಪುರದ ಎತ್ತರವೂ ಒಂದೇ, 215 ಅಡಿ ಎನ್ನುತ್ತಾರೆ. ಸಭಾಂಗಣದ ಚಿತ್ರಿತ ಮೇಲ್ಛಾವಣಿ ನೋಡಲು ಚಕ್ರದ ಮೇಲಿಟ್ಟ ಕನ್ನಡಿ ಇದ್ದರೆ ಬಳಸಿಕೊಳ್ಳಿ, ಕತ್ತು ಉಳಿಯುತ್ತದೆ. ಉತ್ತರಕ್ಕೆ ಲೇಡಿ ಚಾಪೆಲ್, 1349ರಲ್ಲಿ ಮುಗಿದದ್ದು. ಗೋಡೆಯ ತುಂಬ ಸಣ್ಣ ಸಣ್ಣ ಶಿಲ್ಪ, ಬಹುತೇಕ ಎಲ್ಲಕ್ಕೂ ತಲೆಯಿಲ್ಲ. ಹದಿನಾರನೇ ಶತಮಾನದ ಧರ್ಮಸುಧಾರಣೆಯಲ್ಲಿ ಒಂದೊಂದಾಗಿ ಒಡೆದದ್ದು. ಹಂಪಿ ನೋಡಿದವರಿಗೆ ವಿವರಿಸಿ ಹೇಳಬೇಕಾಗಿಲ್ಲ. ಕೆಥೆಡ್ರಲ್ ಒಳಗೇ ಮೇಲಂತಸ್ತಿನಲ್ಲಿ ಬಣ್ಣಗಾಜಿನ ಮ್ಯೂಸಿಯಂ ಇದೆ, ಅದಕ್ಕೂ ಸುತ್ತು ಏಣಿಯೇ. ಎತ್ತರದ ಕಿಟಕಿಯಲ್ಲಿ ಎಂದೂ ಕಾಣದ ಕುಂಚದ ಗೆರೆ, ಸೀಸದ ಬೆಸುಗೆ ಇಲ್ಲಿ ಕಣ್ಣಿನ ಮಟ್ಟದಲ್ಲಿವೆ.

ನಿಲ್ದಾಣದಿಂದ ಕೆಥೆಡ್ರಲ್‌ಗೆ ಹದಿನೈದು ನಿಮಿಷ. ಮುಖ್ಯರಸ್ತೆ ಬಿಟ್ಟು ಗ್ರೇಟ್ ಊಸ್ ನದಿಯ ದಂಡೆ ಹಿಡಿಯಿರಿ. ದೋಣಿಗಳನ್ನು ದಾಟಿ ಜುಬಿಲಿ ಗಾರ್ಡನ್ಸ್ ಮೂಲಕ ಮೇಲೆ ಬಂದು, ಬ್ರಾಡ್ ಸ್ಟ್ರೀಟ್ ದಾಟಿದರೆ ಹುಲ್ಲುಗಾವಲಿನ ಪಾರ್ಕ್. ಕೆಥೆಡ್ರಲ್‌ನ ಫೋಟೋ ತೆಗೆಯಲು ಅದಕ್ಕಿಂತ ಒಳ್ಳೆಯ ಜಾಗವಿಲ್ಲ. ಅಲ್ಲಿಂದ ಇಳಿಜಾರು ಸೌಮ್ಯ, ನಿಧಾನಕ್ಕೆ ಹತ್ತಿದರೆ ದಣಿವಿಲ್ಲ. ಗುರುವಾರ ಮತ್ತು ಶನಿವಾರ ಮಾರ್ಕೆಟ್ ಇರುತ್ತದೆ. ಮುಂದೆ ರಾಜನನ್ನು ಇಳಿಸಿ ದೇಶ ಆಳಿದ ಆಲಿವರ್ ಕ್ರಾಮ್‌ವೆಲ್ 1636ರಿಂದ ಸುಮಾರು ಹತ್ತು ವರ್ಷ ಇದ್ದ ಮನೆ ಕೆಥೆಡ್ರಲ್‌ಗೆ ಹತ್ತಿರದಲ್ಲೇ ಇದೆ. ಇಂಗ್ಲೆಂಡಿನ ಇತಿಹಾಸದಲ್ಲಿ ಆಸಕ್ತಿ ಇದ್ದರೆ ಸರಿ, ಇಲ್ಲದಿದ್ದರೆ ಹೊರಗಿನಿಂದ ನೋಡಿ ಮುಂದೆ ಹೋಗಿ.

ಪೀಟರ್‌ಬರೋ: ದುಡ್ಡು ಕಡಿಮೆ, ಹೊತ್ತು ಕಡಿಮೆ

ಮೂರರಲ್ಲಿ ಕೆಥೆಡ್ರಲ್‌ಗೆ ಪ್ರವೇಶ ಶುಲ್ಕ ಇಲ್ಲದ್ದು ಇದೊಂದೇ, ಕಾಣಿಕೆ ನಿಮ್ಮಿಷ್ಟ. ನಿಲ್ದಾಣದಿಂದ ಕ್ವೀನ್ಸ್‌ಗೇಟ್ ಮಾಲ್ ಒಳಗೆ ಹಾದು ಹೋದರೆ ಹತ್ತು ನಿಮಿಷ. ಏರಿಲ್ಲ, ಮಳೆಗೂ ನೆನೆಯುವುದಿಲ್ಲ. 1967ರಲ್ಲಿ ಸರ್ಕಾರ ಇದನ್ನು ‘ನ್ಯೂ ಟೌನ್’ ಎಂದು ಗುರುತಿಸಿ ಬೆಳೆಸಿತು. ಹಾಗಾಗಿ ಚೌಕ, ಕೆಥೆಡ್ರಲ್ ಆವರಣ ಬಿಟ್ಟರೆ ಹಳೆಯ ಊರು ಹೆಚ್ಚು ಉಳಿದಿಲ್ಲ.

ಕೆಥೆಡ್ರಲ್‌ನ ಪಶ್ಚಿಮ ಮುಖದಲ್ಲಿ ಮೂರು ಭಾರೀ ಕಮಾನು. ಸಾಮಾನ್ಯವಾಗಿ ನಡುವಿನದು ದೊಡ್ಡದಿರಬೇಕು, ಇಲ್ಲಿ ನಡುವಿನದೇ ಕಿರಿದು. ಒಳಗೆ ತಲೆ ಎತ್ತಿದರೆ ಹದಿಮೂರನೇ ಶತಮಾನದ ಮರದ ಛಾವಣಿ, ವಜ್ರಾಕಾರದ ಚೌಕಗಳಲ್ಲಿ ಚಿತ್ರ. ಆ ಕಾಲದ್ದು ಇಷ್ಟು ದೊಡ್ಡದಾಗಿ ಉಳಿದಿರುವುದು ಯುರೋಪಿನಲ್ಲೇ ಅಪರೂಪ. 2001ರ ನವೆಂಬರ್‌ನಲ್ಲಿ ಒಳಗೆ ಜೋಡಿಸಿಟ್ಟಿದ್ದ ಪ್ಲಾಸ್ಟಿಕ್ ಕುರ್ಚಿಗಳಿಗೆ ಬೆಂಕಿ ಬಿದ್ದು, ಮಸಿಯೆಲ್ಲ ಮೇಲಕ್ಕೆ ಹೋಗಿ ಮೆತ್ತಿಕೊಂಡಿತ್ತು. ಇಂಚಿಂಚಾಗಿ ತೊಳೆದು ತೆಗೆದರು.

ಉತ್ತರದ ಓಣಿಯಲ್ಲಿ ಎಂಟನೇ ಹೆನ್ರಿಯ ಮೊದಲ ಹೆಂಡತಿ ಕ್ಯಾಥರಿನ್ ಆಫ್ ಆ್ಯರಗಾನ್ ಸಮಾಧಿ, 1536ರದ್ದು. ರಾಣಿ ಎಂಬ ಪಟ್ಟ ಕಿತ್ತುಕೊಂಡೇ ಹೂಳಿಸಿದ್ದ. ಈಗ ಮೇಲೆ ಬಂಗಾರದ ಅಕ್ಷರದಲ್ಲಿ ‘ಇಂಗ್ಲೆಂಡಿನ ರಾಣಿ’ ಎಂದೇ ಬರೆದಿದೆ, ಅವಳ ಲಾಂಛನವಾದ ದಾಳಿಂಬೆಯನ್ನು ಜನ ತಂದು ಇಡುತ್ತಾರೆ. ಎದುರು ಬದಿಯಲ್ಲಿ ಸ್ಕಾಟ್ಲೆಂಡಿನ ರಾಣಿ ಮೇರಿಯನ್ನು 1587ರಲ್ಲಿ ಹೂಳಿದ್ದರು. ಮಗ ಜೇಮ್ಸ್ ರಾಜನಾದ ಮೇಲೆ 1612ರಲ್ಲಿ ವೆಸ್ಟ್‌ಮಿನ್‌ಸ್ಟರ್‌ಗೆ ಒಯ್ದ. ಇಬ್ಬರಿಗೂ ಗುಂಡಿ ತೋಡಿದವನು ರಾಬರ್ಟ್ ಸ್ಕಾರ್ಲೆಟ್ ಎನ್ನುತ್ತಾರೆ, ಅವನ ಚಿತ್ರ ಪಶ್ಚಿಮ ಬಾಗಿಲಿನ ಬಳಿ ಒಳಗೋಡೆಯ ಮೇಲಿದೆ. ಹೊರಗೆ ಹೋಗುವಾಗ ಮಾತ್ರ ಕಣ್ಣಿಗೆ ಬೀಳುವ ಜಾಗ, ತಿರುಗಿ ನೋಡಲು ಮರೆಯಬೇಡಿ. ಪೂರ್ವ ತುದಿಯಲ್ಲಿ ಬೀಸಣಿಗೆಯಂತೆ ಬಿಚ್ಚಿದ ಕಲ್ಲಿನ ಮೇಲ್ಛಾವಣಿ ಕೇಂಬ್ರಿಜ್‌ನ ಕಿಂಗ್ಸ್ ಕಾಲೇಜಿನದನ್ನು ನೆನಪಿಸುತ್ತದೆ, ಎರಡಕ್ಕೂ ಕಲ್ಲುಕೆಲಸದ ಮೇಸ್ತ್ರಿ ಜಾನ್ ವಾಸ್ಟೆಲ್ ಹೆಸರೇ ಕೇಳಿಬರುತ್ತದೆ.

ಪ್ರೀಸ್ಟ್‌ಗೇಟ್‌ನ ಮ್ಯೂಸಿಯಂನಲ್ಲಿ ಕಡಲ ಸರೀಸೃಪಗಳ ಪಳೆಯುಳಿಕೆ, ನೆಪೋಲಿಯನ್ ಯುದ್ಧದ ಕೈದಿಗಳು ಮೂಳೆಯಲ್ಲಿ ಕೆತ್ತಿದ ಗೊಂಬೆಗಳಿವೆ. ಮಕ್ಕಳಿದ್ದರೆ ಹೋಗಿ. ಅಷ್ಟಾದರೆ ಪೀಟರ್‌ಬರೋ ಮುಗಿಯಿತು, ಮೂರು ಗಂಟೆ.

ಎರಡು ಊರು ಒಂದೇ ದಿನ

ಪೀಟರ್‌ಬರೋದಿಂದ ಈಲಿಗೆ ನೇರ ರೈಲಿದೆ, ಸುಮಾರು 35 ನಿಮಿಷ, ಫೆನ್ಸ್ ಬಯಲಿನ ನಡುವೆ. ಬೆಳಗ್ಗೆ ವೇಗದ ರೈಲಿಗೆ ಪೀಟರ್‌ಬರೋ, ಮಧ್ಯಾಹ್ನ ಒಂದರೊಳಗೆ ಈಲಿ, ಸಂಜೆ ಅಲ್ಲಿಂದಲೇ ಲಂಡನ್. ಇದಕ್ಕೆ ಹೋಗಿಬರುವ ಟಿಕೆಟ್ ಕೆಲಸಕ್ಕೆ ಬಾರದು, ಮೂರು ಒನ್‌ವೇ ಟಿಕೆಟ್ ಬೇಕು. ಒಟ್ಟು ದರ ಎಷ್ಟಾಯಿತು ನೋಡಿಯೇ ತೀರ್ಮಾನಿಸಿ. ನಡುವಿನ ರೈಲು ಎರಡು ಮೂರು ಬೋಗಿಯದು, ವಾರಾಂತ್ಯ ನಿಂತೇ ಹೋಗಬೇಕಾದೀತು. ಆಕ್ಟಗನ್ ಟೂರ್ ಕಾದಿರಿಸುವಾಗ ರೈಲು ತಡವಾದರೂ ಸಿಗುವಷ್ಟು ಬಿಡುವಿಟ್ಟು ಆಮೇಲಿನದನ್ನು ಹಿಡಿಯಿರಿ. ಲಿಂಕನ್ನನ್ನು ಈ ಸರಪಳಿಗೆ ಸೇರಿಸುವ ಯೋಚನೆ ಬೇಡ.

ಊಟ

ಸಸ್ಯಾಹಾರಿಗಳಿಗೆ ಮೂರೂ ಕಡೆ ಕೆಫೆಗಳಲ್ಲಿ ಬೀನ್ಸ್ ಚೀಸ್ ಹಾಕಿದ ಜಾಕೆಟ್ ಪೊಟ್ಯಾಟೊ, ಚೀಸ್ ಸ್ಕೋನ್, ತರಕಾರಿ ಸೂಪ್ ಸಿಗುತ್ತದೆ. ಎಚ್ಚರ ಬೇಕಾದ್ದು ಚಿಪ್ಸ್ ವಿಷಯದಲ್ಲಿ. ಈ ಭಾಗದ, ಅದರಲ್ಲೂ ಲಿಂಕನ್ ಕಡೆಯ, ಕೆಲವು ಮೀನು–ಚಿಪ್ಸ್ ಅಂಗಡಿಗಳು ದನದ ಕೊಬ್ಬಿನಲ್ಲೇ ಕರಿಯುತ್ತವೆ. ‘ಬೀಫ್ ಡ್ರಿಪ್ಪಿಂಗ್’ ಎಂದು ಬೋರ್ಡ್ ಇದ್ದರೂ ಇರಬಹುದು, ಇಲ್ಲದಿದ್ದರೂ ಕೇಳಿ. ಲಿಂಕನ್‌ಶೈರ್ ಪ್ಲಮ್ ಬ್ರೆಡ್ ಒಣಹಣ್ಣಿನ ಸಿಹಿ ಬ್ರೆಡ್, ಚಹಾ ಜೊತೆ ಚೆನ್ನ. ಹಳೆಯ ಪದ್ಧತಿಯಲ್ಲಿ ಅದಕ್ಕೆ ಹಂದಿಕೊಬ್ಬು ಹಾಕುತ್ತಾರೆ, ಪೊಟ್ಟಣದ ಮೇಲೆ ‘ಲಾರ್ಡ್’ ಇದೆಯೇ ಓದಿ. ಪಬ್‌ಗಳ ಅಡುಗೆಮನೆ ಮಧ್ಯಾಹ್ನ ಎರಡೂವರೆಗೆ ಮುಚ್ಚುವುದುಂಟು, ಮೂರಕ್ಕೆ ಹಸಿದು ಹೋದರೆ ಬರೀ ಕ್ರಿಸ್ಪ್ಸ್.

ಬುತ್ತಿ ಕಟ್ಟಿಕೊಂಡು ಹೋಗುವವರಿಗೆ ಯೋಗ್ಯ ಜಾಗಗಳು: ಲಿಂಕನ್‌ನಲ್ಲಿ ಕೋಟೆಯ ಅಂಗಳದ ಹುಲ್ಲು, ಈಲಿಯಲ್ಲಿ ನದಿ ದಂಡೆ, ಪೀಟರ್‌ಬರೋದಲ್ಲಿ ಕೆಥೆಡ್ರಲ್ ಎದುರಿನ ಬಯಲು. ಈಲಿಯ ದಂಡೆಯಲ್ಲಿ ಬಾತುಗಳು ಪುಳಿಯೋಗರೆಗೂ ಹಿಂಜರಿಯುವುದಿಲ್ಲ, ಡಬ್ಬಿ ಮುಚ್ಚಿಟ್ಟುಕೊಳ್ಳಿ. ಪೀಟರ್‌ಬರೋದ ಲಿಂಕನ್ ರೋಡ್‌ನಲ್ಲಿ ದಕ್ಷಿಣ ಏಷ್ಯಾದ ದಿನಸಿ ಅಂಗಡಿಗಳು ಸಾಲುಸಾಲಾಗಿವೆ. ಹೆಸರು ನೋಡಿ ಲಿಂಕನ್ ಊರಲ್ಲಿ ಹುಡುಕಬೇಡಿ.

ಬಾಗಿಲು ಮುಚ್ಚಿರುವ ದಿನ

ಇವು ಪೂಜೆ ನಡೆಯುವ ಕೆಥೆಡ್ರಲ್‌ಗಳು, ಮ್ಯೂಸಿಯಂಗಳಲ್ಲ. ಭಾನುವಾರ ಬೆಳಗ್ಗೆ ಪ್ರಾರ್ಥನೆಗಳ ನಡುವೆ ಪ್ರವಾಸಿಗರಿಗೆ ಸಿಗುವ ಹೊತ್ತು ಕಡಿಮೆ. ವಿಶ್ವವಿದ್ಯಾಲಯಗಳ ಘಟಿಕೋತ್ಸವ, ಸಂಗೀತ ಕಚೇರಿ, ಶಾಲಾ ಕಾರ್ಯಕ್ರಮಗಳಿಗೆ ಇಡೀ ದಿನ ಮುಚ್ಚುವುದೂ ಇದೆ. ಲಿಂಕನ್‌ನಲ್ಲಿ ಘಟಿಕೋತ್ಸವ ಕೆಥೆಡ್ರಲ್ ಒಳಗೇ ನಡೆಯುತ್ತದೆ, ಆ ವಾರ ಹೋದವರು ಬಾಗಿಲಿನಿಂದಲೇ ವಾಪಸ್. ಟಿಕೆಟ್ ಕೊಳ್ಳುವ ಮುಂಚೆ ಕೆಥೆಡ್ರಲ್‌ನ ವೆಬ್‌ಸೈಟ್‌ನಲ್ಲಿ ಆ ದಿನಾಂಕದ ಪುಟ ತೆರೆದು ನೋಡಿ. ಸಣ್ಣ ಮ್ಯೂಸಿಯಂಗಳು ಸೋಮವಾರ ಮುಚ್ಚಿರುವುದೇ ಹೆಚ್ಚು.

ವಾರದ ಬಹುತೇಕ ಸಂಜೆ, ಐದೂವರೆಯ ಆಸುಪಾಸಿಗೆ, ಗಾಯಕ ಮಕ್ಕಳೂ ದೊಡ್ಡವರೂ ಸೇರಿ ಹಾಡುವ ಈವನ್‌ಸಾಂಗ್ ಪ್ರಾರ್ಥನೆ ಇರುತ್ತದೆ. ಯಾವ ಮತದವರೂ ಕೂರಬಹುದು, ದುಡ್ಡಿಲ್ಲ, ಮುಕ್ಕಾಲು ಗಂಟೆ. ಈಲಿಗೆ ಮಧ್ಯಾಹ್ನ ಹೊರಟು ಸಂಜೆ ಇದನ್ನು ಕೇಳಿ ಬರುವುದು ಒಳ್ಳೆಯ ಯೋಜನೆಯೇ. ಶಾಲೆಗಳ ರಜೆಯಲ್ಲಿ ಮಕ್ಕಳ ಗುಂಪು ಇರುವುದಿಲ್ಲ.

ಡಿಸೆಂಬರ್‌ನಲ್ಲಿ ಮಧ್ಯಾಹ್ನ ನಾಲ್ಕಕ್ಕೇ ಕತ್ತಲು. ಕಿಟಕಿಯ ಬಣ್ಣ ಮೂರಕ್ಕೇ ಆರಿಹೋಗುತ್ತದೆ, ಲಿಂಕನ್‌ನ ಗೋಡೆಯ ಸುತ್ತು ಬೇಗ ಮುಗಿಸಬೇಕಾಗುತ್ತದೆ. ಕಲ್ಲಿನ ಕಟ್ಟಡದ ಒಳಗೂ ಚಳಿಯೇ, ಕೋಟು ಬಿಚ್ಚಬೇಡಿ. ಚಳಿಗಾಲಕ್ಕೆ ಈಲಿ ಅಥವಾ ಪೀಟರ್‌ಬರೋ, ಏಪ್ರಿಲ್‌ನಿಂದ ಸೆಪ್ಟೆಂಬರ್‌ವರೆಗೆ ಲಿಂಕನ್. ಜೂನ್‌ನಲ್ಲಿ ರಾತ್ರಿ ಒಂಬತ್ತರವರೆಗೂ ಬೆಳಕಿದ್ದು ಹೊತ್ತು ಹೋದದ್ದೇ ತಿಳಿಯುವುದಿಲ್ಲ. ಲಿಂಕನ್‌ನಿಂದ ಕೊನೆಯ ನೇರ ರೈಲು ಎಷ್ಟಕ್ಕೆ ಎಂದು ಬೆಳಗ್ಗೆಯೇ ನೋಡಿ, ಅದರ ಹಿಂದಿನ ರೈಲಿಗೆ ಮೊಬೈಲ್‌ನಲ್ಲಿ ಅಲಾರಂ ಇಟ್ಟುಕೊಳ್ಳಿ.